ಅರವಟ್ಟಿಗೆಯ ಇಂಗ್ಲಿಷ್ ಚೀಟಿ

ಮಸ್ಕಿಯಲ್ಲಿ ಬಾವಿಗಳಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಸಿಹಿನೀರಿಗೆ. ಊರ ಸುತ್ತಲಿನ ನೀರೆಲ್ಲ ಸವುಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕುಡಿದರೆ ನೀರಡಿಕೆ ಹೋಗುತ್ತಿರಲಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಗೆ ಹತ್ತಿಕೊಂಡು ಬಸ್ಸಪ್ಪನ ಹೊಲವೊಂದಿತ್ತು. ಅಲ್ಲಿಯ ಬಾವಿಯ ನೀರು ಮಾತ್ರ ಬೆಲ್ಲ ಕದಡಿದಷ್ಟು ಸಿಹಿ. ಬಾವಿ ತೋಡಿಸಿದ ಬಸ್ಸಪ್ಪನ ಅಪ್ಪ ಯಾವ ಜೋಯಿಸರನ್ನೂ ಕೇಳಿರಲಿಲ್ಲ, ಯಾವ ದೇವರಿಗೂ ಹರಕೆ ಹೊತ್ತಿರಲಿಲ್ಲ. ಎತ್ತು ಮಲಗಿದ ಜಾಗದಲ್ಲಿ ಗುದ್ದಲಿ ಹಾಕಿದ, ನೀರು ಬಂತು. ಬಸ್ಸಪ್ಪನ ಹೆಂಡತಿ ತಿಮ್ಮವ್ವನಿಗೆ ಇದು ಮೊದಲಿನಿಂದಲೂ ಮುಜುಗರದ ವಿಷಯ. ಏನೂ ಮಾಡದೆ ಸಿಕ್ಕ ಭಾಗ್ಯವನ್ನು ಇಟ್ಟುಕೊಂಡು ಕೂತರೆ ಅದು ಕದ್ದ ಮಾಲಿನ ಹಾಗೆ ಎಂದು ಅವಳ ಲೆಕ್ಕ.

ಆದ್ದರಿಂದ ಶಿವರಾತ್ರಿ ಕಳೆದದ್ದೇ ತಡ, ದಾರಿ ಬದಿಯ ಬೇವಿನ ಮರದಡಿ ಮರಳು ಸುರಿಸಿ, ಮೂರು ದೊಡ್ಡ ಮಣ್ಣಿನ ಹರವಿಗಳನ್ನು ಇಟ್ಟು, ಅವಳು ಅರವಟ್ಟಿಗೆ ಶುರು ಮಾಡುತ್ತಿದ್ದಳು. ಮುಂಗಾರಿನ ಮೊದಲ ಮಳೆ ಬೀಳುವವರೆಗೂ ಬಂದವರ ಬೊಗಸೆಗೆ ತಂಬಿಗೆಯಿಂದ ನೀರು ಸುರಿಯುವುದೇ ಕೆಲಸ. ಯಾವ ಊರು, ಯಾವ ಜನ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಬೇಕೆಂದು ಹೇಳಲು ಬಂದ ಒಬ್ಬಿಬ್ಬರಿಗೆ, "ಕೇಳೂತನಕ ಅವ್ರ ಗಂಟಲ ಒಣಗಿ ಹೋಗ್ತೈತಿ, ನೀವ ಕೇಳ್ಕೊಂಡು ಬರ್ರಿ, ನಾ ನೀರ್ ಹಾಕ್ತಿರ್ತೀನಿ" ಎಂದು ಹೇಳಿ ಕಳಿಸಿದ್ದಳು.

ಮರದ ಎದುರಿಗೆ ಬಾಬುಸಾಬನ ಚಾದಂಗಡಿ. ಲಿಂಗಸುಗೂರಿನಲ್ಲಿ ಬಿಳಿಯರ ದಂಡು ಇದ್ದ ಕಾಲಕ್ಕೆ ಅವನು ಅಲ್ಲಿಯ ಅಡಿಗೆಮನೆಯಲ್ಲಿ ದುಡಿದವನು. ದಂಡು ಎದ್ದುಹೋಗಿ ಮೂವತ್ತು ವರ್ಷವಾದರೂ ಅವನ ನಾಲಿಗೆಯ ಮೇಲೆ ಇಂಗ್ಲಿಷು ಇನ್ನೂ ಡೇರೆ ಹೊಡೆದುಕೊಂಡಿತ್ತು. ಓದಲು ಬಾರದು, ಬರೆಯಲು ಬಾರದು. ಆದರೆ ಯಾರಾದರೂ ಆಡಿದರೆ ತಿಳಿಯುತ್ತಿತ್ತು. ತಿಳಿಯದಿದ್ದರೂ ತಿಳಿದಂತೆ ಗೋಣು ಹಾಕುವುದು ಚೆನ್ನಾಗಿ ಗೊತ್ತಿತ್ತು.

ಆ ದಾರಿಯಲ್ಲಿ ಆಗಾಗ ಬಿಳಿ ಸಾಹೇಬರೂ ಬರುತ್ತಿದ್ದರು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಳೇ ಕಾಲದ ಅರಸನೊಬ್ಬ ಕೊರೆಸಿದ ಬರಹ ಸಿಕ್ಕ ಮೇಲೆ, ಅದನ್ನು ನೋಡಲು ಹೈದರಾಬಾದಿನಿಂದ, ಅದರಾಚೆಯಿಂದಲೂ ಮಂದಿ ಮೋಟಾರು ಮಾಡಿಕೊಂಡು ಬರುತ್ತಿದ್ದರು. ಗುಡ್ಡ ಇಳಿದು ಬರುವಾಗ ಅವರ ಮುಖ ಸುಟ್ಟ ಬದನೆಕಾಯಿಯಂತೆ ಆಗಿರುತ್ತಿತ್ತು. ತಿಮ್ಮವ್ವ ನೀರು ಕೊಟ್ಟರೆ ಅವರು ಕುಡಿದು ರೂಪಾಯಿ ಎಸೆಯುತ್ತಿದ್ದರು. ಅವಳು ಅದನ್ನು ಎತ್ತಿಕೊಂಡು, ತಿರುಗಿ ಕೊಡಲು ಮೋಟಾರಿನ ಹಿಂದೆ ಓಡುತ್ತಿದ್ದಳು. ಐವತ್ತು ದಾಟಿದ ಹೆಂಗಸಿಗೆ ಇದು ದಿನಾ ಆಗುವ ಮಾತಲ್ಲ.

ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ವಯಸ್ಸಾದ ದೊರೆಸಾನಿಯೊಬ್ಬಳು ಬಂದಳು. ಕಲ್ಲಿನ ಬರಹ ನೋಡಿ, ಕೊಡೆ ಊರಿಕೊಂಡು ಇಳಿದು, ಮರದಡಿ ಕೂತು ಮೂರು ತಂಬಿಗೆ ನೀರು ಕುಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿದಳು.

"ಬಾಬುಸಾಬ, ಓಡಿ ಬಾ!" ಎಂದು ತಿಮ್ಮವ್ವ ಕೂಗಿದಳು. "ಈಕಿ ರೊಕ್ಕ ತಗ್ಯಾಕತ್ತಾಳ. ನಾ ತಗೊಳ್ಳಂಗಿಲ್ಲ ಅಂತ ಹೇಳು. ಮತ್ತ, ಅದನ್ನ ಅವರ ಅಕ್ಷರದಾಗ ಬರದು ಕೊಡು ಅಂತ ಕೇಳು. ಮರಕ್ಕ ಕಟ್ತೀನಿ. ಇನ್ನ ಮ್ಯಾಲ ಯಾರ ಹಿಂದೂ ನಾ ಓಡಾಕಿ ಅಲ್ಲ."

ಬಾಬುಸಾಬ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಹಳೆಯ ದಂಡಿನ ಸಲಾಮು ಹೊಡೆದು, ತನ್ನ ಇಂಗ್ಲಿಷಿನಲ್ಲಿ ವಿಷಯ ಒಪ್ಪಿಸಿದ. ದೊರೆಸಾನಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾಗಿ, ಒಂದು ಒಳ್ಳೆಯ ಹಾಳೆ ತೆಗೆದು ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು, ಬಾಬುಸಾಬನಿಗೆ ಮತ್ತೇನೋ ಹೇಳಿ ಹೊರಟುಹೋದಳು.

"ಏನಂತ ಬರದಾಳ?" ತಿಮ್ಮವ್ವ ಕೇಳಿದಳು.

ಬಾಬುಸಾಬ ಹಾಳೆಯನ್ನು ಕೈಯಲ್ಲಿ ಹಿಡಿದು, ಓದುವವನ ಹಾಗೆ ಕಣ್ಣು ಕಿರಿದು ಮಾಡಿದ. "ಭಾರಿ ಮಾತು ಬರದಾಳ ಅಕ್ಕಾ. ನೀನು ಮಾಡಾಕತ್ತಿದ್ದು ಚಾರಿಟಿ ಅಂತ."

"ಚಾ ರೊಟ್ಟಿ? ನಾ ಎಲ್ಲಿ ಚಾ ಕೊಟ್ಟೀನಿ? ಅದು ನಿನ್ನ ಧಂದೆ."

"ಚಾನೂ ಅಲ್ಲ, ರೊಟ್ಟೀನೂ ಅಲ್ಲ. ಚಾರಿಟಿ. ಅಂದ್ರ ಖೈರಾತು. ನೀವು ಧರ್ಮ ಅಂತೀರಲ್ಲ, ಅದು. ಮತ್ತ ನೀನು ವಾಲಂಟಿಯರ್ ಅಂತ. ಕೂಲಿ ಇಲ್ದ, ಯಾರೂ ಹೇಳ್ದ, ತನ್ನ ಮನಸ್ಸಿಲೆ ಮೈ ಮುರದು ದುಡಿಯಾಂವ. ರೊಕ್ಕ ಕೊಡಾಕ ಹೋದ್ರ ಒಲ್ಲೆ ಅಂತಾನ."

"ಒಲ್ಲೆ ಅಂತಾನಲ್ಲ, ಅದಕ್ಕ ಒಲ್ಲಂಟೇರ!" ತಿಮ್ಮವ್ವನ ಮುಖ ಅರಳಿತು. "ಇದು ನಮ್ಮ ಮಾತ ಐತಿ ಬಾಬುಸಾಬ. ಅವರು ನಮ್ಮ ಕಡೆಯಿಂದ ಒಯ್ದಾರ."

"ಒಯ್ದಿರ್ತಾರ ತಗೋ, ಏನೇನ್ ಒಯ್ದಿಲ್ಲ! ಮುಂದ ಕೇಳು. ನಿನಗ ಡೊನೇಶನ್ ಕೊಡಬ್ಯಾಡ್ರಿ ಅಂತ ಬರದಾಳ. ಡೊನೇಶನ್ ಅಂದ್ರ ಚಂದಾ. ಕಡೀಗೆ ಒಂದು ಮಾತು ತಾನ ಸೇರ್ಸ್ಯಾಳ. ಆಕಿಗೆ ಟೇಶನ್‌ದಾಗ ಯಾವನೋ, ತಾಯಿ ತಂದಿ ಇಲ್ದ ಮಕ್ಕಳು ಅಂತ ಹೇಳಿ ಚಂದಾ ಎತ್ತಿ ಟೋಪಿ ಹಾಕಿದ್ನಂತ. ಅದಕ್ಕ, ಈ ಅರವಟಿಗಿ ಹೆಸರ್ಲೆ ಯಾರರ ರೊಕ್ಕ ಕೇಳಿದ್ರ ಅಂವ ಫ್ರಾಡ್ ಅಂತ ತಿಳೀರಿ ಅಂದಾಳ. ಫ್ರಾಡ್ ಅಂದ್ರ ದಗಾ. ಪಕ್ಕಾ ದಗಾಬಾಜ."

"ಪರಾಡ," ಎಂದು ತಿಮ್ಮವ್ವ ಬಾಯಿಗೆ ಹೊಂದಿಸಿಕೊಂಡಳು.

ನೀರು ಸುರಿಯುತ್ತ ಆ ನಾಲ್ಕು ಮಾತುಗಳನ್ನು ಅವಳು ದಿನವೂ ಹೇಳಿಕೊಂಡಳು. ಮೂವತ್ತು ವರ್ಷ ಬರೀ ಬೀಸುವ ಹಾಡು ಹೇಳಿದ ಬಾಯಿಗೆ ಹೊಸ ರುಚಿ ಹತ್ತಿತ್ತು. ಗಾಡಿ ಹೊಡೆಯುವವರು ಅವಳನ್ನು "ಒಲ್ಲಂಟೇರಮ್ಮ" ಎಂದು ಕರೆಯತೊಡಗಿದರು. ಅವಳು ಬೇಡ ಎನ್ನಲಿಲ್ಲ.

ಸೂಗಪ್ಪ ಬಂದದ್ದು ಆಮೇಲೆ ಹದಿನೈದು ದಿನಕ್ಕೆ. ಮುಕ್ಕುಂದದವನು, ಮೂವತ್ತರ ಹರೆಯ, ಕರಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ರಾಯಚೂರಿನಲ್ಲಿ ಒಬ್ಬ ವಕೀಲರ ಚೀಲ ಹೊತ್ತು ಎರಡು ವರ್ಷ ಕಳೆದು ಬಂದಿದ್ದ. ಅಲ್ಲಿಂದ ತಂದದ್ದೆಂದರೆ 'ಗುಡ್ ಮಾರ್ನಿಂಗ್', 'ಎಸ್ ಸರ್' ಎಂಬೆರಡು ಮಾತು ಮತ್ತು ಕಚೇರಿಯವರ ಠೀವಿ. ಅಂದು ಬಾಬುಸಾಬ ಮಗಳ ಊರಿಗೆ ಹೋಗಿ ಅಂಗಡಿ ಮುಚ್ಚಿತ್ತು. ಸೂಗಪ್ಪ ಮೋಟಾರು ಕಾಯುತ್ತ ಮರದಡಿ ನಿಂತ, ನೀರು ಕುಡಿದ, ಕಾಂಡಕ್ಕೆ ಕಟ್ಟಿದ ಹಾಳೆ ನೋಡಿದ.

"ಯವ್ವಾ, ಇದೇನಿದು? ಇಂಗ್ಲಿಷ್ ಕಾಗದ! ಇದನ್ನ ಹಿಂಗ ಗಿಡಕ್ಕ ಕಟ್ಟೀಯಲ್ಲ, ಗಾಳಿಗೆ ಹರದು ಹೋದ್ರ?"

"ಹರದ್ರೇನಾತು, ನಂಗ ಬಾಯಿಪಾಠ ಐತಿ," ಎಂದು ತಿಮ್ಮವ್ವ ಹೆಮ್ಮೆಯಿಂದ ಹೇಳಿದಳು. "ಚಾರಿಟಿ, ಒಲ್ಲಂಟೇರ, ಡೊನೇಶನ್, ಪರಾಡ."

ಸೂಗಪ್ಪನ ಕಣ್ಣು ಹೊಳೆದವು. "ಇದಕ್ಕ ಲಿಂಗಸುಗೂರ ಕಚೇರಿಯಾಗ ಮೊಹರು ಹಾಕಿಸ್ಬೇಕು ಯವ್ವಾ. ಮೊಹರು ಬಿದ್ರ ಸರ್ಕಾರದವರ ಇಲ್ಲಿ ಚಪ್ಪರ ಹಾಕಿಸಿ ಕೊಡ್ತಾರ. ನಾ ಅಲ್ಲಿಗೇ ಹೊಂಟೀನಿ. ಎಂಟು ದಿನದಾಗ ತಂದು ಕೊಡ್ತೀನಿ. ಅಂದಂಗ, ಒಲ್ಲಂಟೇರ ಅಂದ್ರ ನೀನು ತಿಳೀತು. ಪರಾಡ ಅಂದ್ರ ಯಾರು?"

ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸರ್ವೀಸ್ ಮೋಟಾರು ಧೂಳೆಬ್ಬಿಸಿಕೊಂಡು ಬಂತು. ಸೂಗಪ್ಪ ಹಾಳೆ ಮಡಚಿ ಜೇಬಿಗೆ ಹಾಕಿ ಹತ್ತಿಯೇಬಿಟ್ಟ. ಚಪ್ಪರದ ಆಸೆ ಇತ್ತೋ, ಅವನ ಮಾತಿನ ನಯವೋ, ತಿಮ್ಮವ್ವ ತಡೆಯಲಿಲ್ಲ.

ಎಂಟು ದಿನ ಹೋಯಿತು, ಇಪ್ಪತ್ತು ದಿನ ಹೋಯಿತು. ಹಾಳೆಯೂ ಇಲ್ಲ, ಸೂಗಪ್ಪನೂ ಇಲ್ಲ. ಬಾಬುಸಾಬ ತಲೆ ತಲೆ ಚಚ್ಚಿಕೊಂಡ.

ಒಂದು ಮಧ್ಯಾಹ್ನ ಗೊರೇಬಾಳದ ಕಡೆಯ ಗಾಡಿಯೊಂದು ನಿಂತಿತು. ಗಾಡಿಯವನು ನೀರು ಕುಡಿದು, ಸುತ್ತ ಮುತ್ತ ನೋಡಿ, ಮುಖ ಸಣ್ಣದು ಮಾಡಿಕೊಂಡ.

"ಇಷ್ಟ ಏನು ಯವ್ವಾ? ಮೂರ ಹರವಿ? ಕಲ್ಲಿನ ಮಂಟಪ, ಹಿತ್ತಾಳಿ ಹಂಡೆ, ನೀರ್ ಹಾಕಾಕ ಆರು ಆಳು ಅಂತ ಹೇಳಿದ್ರಲ್ಲ. ನಾನೂ ಚಂದಾ ಕೊಟ್ಟೀನಿ."

"ಯಾರಿಗೆ ಕೊಟ್ಟಿ?"

"ಸಿಂಧನೂರ ಸಂತ್ಯಾಗ. ನಿಮ್ಮ ಪರಾಡ ಸಾಹೇಬ್ರಿಗೆ."

ತಂಬಿಗೆ ತಿಮ್ಮವ್ವನ ಕೈಯಲ್ಲೇ ನಿಂತಿತು. "ಯಾರಂದಿ?"

"ಪರಾಡ ಸೂಗಪ್ಪನೋರು. ಅವರ ಹೇಳಿದ್ರು, ಈ ಅರವಟಿಗಿಗೆ ಇಂಗ್ಲಿಷ್‌ದಾಗ ನಾನ ಪರಾಡ ಅಂತ. ಭಾರಿ ಹುದ್ದೆ ಅಂತಲ್ಲ?"

ಎದುರು ಅಂಗಡಿಯಲ್ಲಿ ಬಾಬುಸಾಬನಿಗೆ ಕೆಮ್ಮು ಹತ್ತಿತು. ಕೆಮ್ಮು ನಗೆಯಾಗಿ, ನಗೆ ಅಳುವಾಗಿ, ಅವನು ಒಲೆಯ ಮುಂದೆಯೇ ಕುಸಿದು ಕೂತ. ತಿಮ್ಮವ್ವನಿಗೂ ನಗು ಬಂತು. ಆದರೆ ಗಾಡಿ ಹೋದ ಮೇಲೆ ಆ ನಗೆಯ ಅಡಿಯಲ್ಲಿ ಬೇರೇನೋ ಸುಡತೊಡಗಿತು. ಇಷ್ಟು ವರ್ಷ ಒಂದು ಕಾಸು ಮುಟ್ಟದೆ ಕಾಯ್ದ ಹೆಸರನ್ನು ಅವನು ಸಂತೆಯಲ್ಲಿ ಸೌತೆಕಾಯಿಯ ಹಾಗೆ ರಾಶಿ ಹಾಕಿ ಮಾರುತ್ತಿದ್ದ. ಆ ಗಾಡಿಯವನು ಹೋಗುವಾಗ ಖಾಲಿ ಬೇವಿನ ನೆರಳನ್ನು ನೋಡಿದ ನೋಟ ಅವಳಿಗೆ ಮರೆಯಲಾಗಲಿಲ್ಲ. ತನ್ನನ್ನೇ ಕಳ್ಳಿ ಎಂದು ನೋಡಿದ ಹಾಗಿತ್ತು.

"ಬಾಬುಸಾಬ, ಮುಂದಿನ ಸಂತಿಗೆ ಅಂಗಡಿ ಮುಚ್ಚು," ಎಂದಳು.

ಸಂತೆಯ ದಿನ ಇಬ್ಬರೂ ಮೋಟಾರು ಹತ್ತಿ ಸಿಂಧನೂರಿಗೆ ಹೋದರು. ಸೂಗಪ್ಪನನ್ನು ಹುಡುಕಬೇಕಾಗಲಿಲ್ಲ, ಅವನ ದನಿಯೇ ಕರೆದುಕೊಂಡು ಹೋಯಿತು. ಬಟ್ಟೆ ಅಂಗಡಿಗಳ ಸಾಲಿನ ಮುಂದೆ ಒಂದು ಮೇಜು, ಮೇಜಿನ ಮೇಲೆ ದೊರೆಸಾನಿಯ ಹಾಳೆ, ಅದಕ್ಕೊಂದು ಚೆಂಡುಹೂವಿನ ಮಾಲೆ. ಪಕ್ಕದ ಗೋಡೆಗೆ ಒರಗಿಸಿದ ಹೊಚ್ಚ ಹೊಸ ಸೈಕಲ್ಲು. ಆ ದಿನಗಳಲ್ಲಿ ಸೈಕಲ್ಲೆಂದರೆ ಕುದುರೆಗಿಂತ ಹೆಚ್ಚು. ಅದನ್ನು ನೋಡಲೆಂದೇ ಅರ್ಧ ಜನ ನೆರೆದಿದ್ದರು. ಸೂಗಪ್ಪನ ಜಾಣತನ ಇನ್ನೊಂದರಲ್ಲಿತ್ತು: ಯಾರಾದರೂ ಆಣೆ ಕೊಟ್ಟರೆ ಅವರ ಹೆಸರು, ಅಪ್ಪನ ಹೆಸರು, ಊರ ಹೆಸರು ಸೇರಿಸಿ ಇಡೀ ಸಂತೆಗೆ ಕೇಳುವಂತೆ ಕೂಗುತ್ತಿದ್ದ. ಹುಟ್ಟಿದಾಗಿನಿಂದ ಬೈಗುಳದ ಜತೆಗಲ್ಲದೆ ತಮ್ಮ ಹೆಸರು ಕೇಳದವರು ಅದನ್ನು ಕೇಳಿ ಮತ್ತೊಂದು ಆಣೆ ಹಾಕುತ್ತಿದ್ದರು.

"ಕೇಳ್ರಪೋ ಕೇಳ್ರಿ!" ಎನ್ನುತ್ತಿದ್ದ ಸೂಗಪ್ಪ. "ಈ ಕಾಗದದಾಗ ನಾಕು ಮಾತದಾವು. ಚಾರಿಟಿ ಅಂದ್ರ ಅರವಟಿಗಿ. ಒಲ್ಲಂಟೇರ ಅಂದ್ರ ಮಸ್ಕಿಯ ತಿಮ್ಮವ್ವತಾಯಿ. ಡೊನೇಶನ್ ಅಂದ್ರ ನೀವು. ಪರಾಡ ಅಂದ್ರ, ನಿಮ್ಮ ಪಾದದ ಧೂಳಿ, ನಾನು!"

ತಿಮ್ಮವ್ವ ಸೆರಗು ಕಚ್ಚಿಕೊಂಡಳು. ಮೋಟಾರಿನಲ್ಲಿ ಬರುವಾಗ ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಚದುರಿಹೋದವು. ಜನರನ್ನು ಸರಿಸಿ ಮೇಜಿನ ಮುಂದೆ ಹೋಗಿ ನಿಂತಳು. "ಸೂಗಪ್ಪಾ," ಎಂದಳು, "ಮೊಹರು ಬಿತ್ತೇನು?"

ಸೂಗಪ್ಪನ ಮುಖದ ರಕ್ತ ಇಳಿಯಿತು. ಆದರೆ ಅವನು ಸಾಮಾನ್ಯನಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಜು ಸುತ್ತಿ ಬಂದು, ಅವಳ ಪಾದಕ್ಕೆ ಉದ್ದಂಡ ಬಿದ್ದ. "ಬಂದಾಳ್ರಪೋ! ತಾಯಿ ತಾನ ನಡಕೋಂತ ಬಂದಾಳ! ಇಕಿನ ನೋಡ್ರಿ ತಿಮ್ಮವ್ವ!"

ಆಮೇಲೆ ನಡೆದದ್ದನ್ನು ತಿಮ್ಮವ್ವ ಎಣಿಸಿರಲಿಲ್ಲ. ಜನ ನುಗ್ಗಿದರು. ಒಬ್ಬರು ಕಾಲು ಮುಟ್ಟಿದರು, ಒಬ್ಬರು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡರು. ಹಾಳೆಗೆ ಹಾಕಿದ್ದ ಮಾಲೆ ಅವಳ ಕೊರಳಿಗೆ ಬಂತು. ಬಳೆ ಮಾರುವ ಪೀರ್‌ಬೀ ಎಂಬ ಮುದುಕಿ, "ನಾ ಒಂದಾಣೆ ಹಾಕೀನಿ ತಾಯಿ, ನಿನ್ನ ನೀರಿಗೆ. ನನ್ನ ಗಂಡ ಅದ ದಾರ್ಯಾಗ ನೀರಡಿಸಿ ಬಿದ್ದು ಮ್ಯಾಲೆ ಏಳಲಿಲ್ಲ" ಎನ್ನುತ್ತ ಅವಳ ಕೈಗೆ ಹಸಿರು ಬಳೆ ಏರಿಸತೊಡಗಿದಳು. ತಿಮ್ಮವ್ವ ಮೇಜಿನ ಮೇಲಿನ ಹಾಳೆಯ ಕಡೆ ನೋಡಿದಳು. ಈ ಹೊತ್ತಿನಲ್ಲಿ ಹೇಗೆ ಹೇಳುವುದು? ಹೇಳಿದರೆ ಇವರೆಲ್ಲರ ಮುಖ ಆ ಗಾಡಿಯವನ ಮುಖದಂತೆ ಆಗುತ್ತದೆ. ಹೇಳದೆ ಹೋದರೆ ತಾನೂ ಆ ಮೇಜಿನ ಪಾಲುದಾರಳು.

"ಯವ್ವಾ," ಎಂದಳು ಕಡೆಗೆ, ಬಳೆ ಹಾಕಿದ ಕೈಯಲ್ಲೇ ಮುದುಕಿಯ ಕೈ ಹಿಡಿದು, "ಇಲ್ಲೆ ಇಂಗ್ಲಿಷ್ ಓದಾಕ ಬರೋವ್ರು ಯಾರರ ಅದಾರೇನು? ಆ ಕಾಗದ ಎಲ್ಲಾರ ಮುಂದ ಒಮ್ಮಿ ಓದಿಸಬೇಕು."

ಸೂಗಪ್ಪ, "ಯಾಕ ಯವ್ವಾ, ನಾ ಓದ್ತೀನಲ್ಲ" ಎಂದ. ಅಷ್ಟರಲ್ಲಿ ಬಾಬುಸಾಬ ಸಂತೆಯ ಆಚೆ ಬದಿಯಿಂದ, ಬದನೆಕಾಯಿ ಚೌಕಾಸಿ ಮಾಡುತ್ತಿದ್ದ ಶಾಲೆಯ ಇಂಗ್ಲಿಷ್ ಮಾಸ್ತರ ವಿರೂಪಾಕ್ಷಪ್ಪನವರನ್ನು ಕೈ ಹಿಡಿದು ಎಳೆದುಕೊಂಡು ಬಂದ. ಮಾಸ್ತರರು ಚಾಳೀಸು ಏರಿಸಿ ಹಾಳೆ ಎತ್ತಿಕೊಂಡರು. ಮೊದಲ ಸಾಲಿಗೆ ತಲೆ ಆಡಿಸಿದರು, ಎರಡನೆಯದಕ್ಕೆ ತಿಮ್ಮವ್ವನ ಕಡೆ ನೋಡಿ ಕೈ ಮುಗಿದರು, ಕಡೆಯ ಸಾಲಿಗೆ ಬಂದಾಗ ಅವರ ಮೀಸೆ ಅಲುಗಿತು.

"ಓದಲೇನು?" ಎಂದು ಕೇಳಿ ಓದಿದರು. "ಈ ಹೆಣ್ಣುಮಗಳು ಧರ್ಮಕ್ಕ ನೀರು ಕೊಡ್ತಾಳ. ತನ್ನ ಮನಸ್ಸಿಲೆ ಮಾಡ್ತಾಳ, ಕೂಲಿ ತಗೊಳ್ಳಂಗಿಲ್ಲ. ದಯಮಾಡಿ ಯಾರೂ ಚಂದಾ ಕೊಡಬಾರದು. ಇಕಿ ಹೆಸರ್ಲೆ ಯಾರರ ರೊಕ್ಕ ಎತ್ತಾಕತ್ತಿದ್ರ ಅಂವ ಫ್ರಾಡ್." ಮಾಸ್ತರರು ಚಾಳೀಸು ತೆಗೆದರು. "ಫ್ರಾಡ್ ಅಂದ್ರ ಮೋಸಗಾರ."

ಸೂಗಪ್ಪ ನಿಂತಲ್ಲೇ ಬಾಯಿ ತೆರೆದಿದ್ದ. ತಾನು ಮೂರು ಸಂತೆ ಎದೆ ತಟ್ಟಿಕೊಂಡು ಕೂಗಿದ ಹುದ್ದೆ ಯಾವುದೆಂದು ಅವನಿಗೂ ಆಗಲೇ ತಿಳಿದದ್ದು. ಆಮೇಲೆ ಗುಂಪಿನ ಹಿಂದಿನಿಂದ ಯಾರೋ, "ಲೇ, ಅಂವ ಮೊದಲ ಸಂತಿಂದನೂ ಖರೇನ ಹೇಳ್ಯಾನಲ್ಲೋ!" ಎಂದ. ನಗೆ ಎದ್ದಿತು ನೋಡಿ. ಎಮ್ಮೆ ಮಾರುವವರವರೆಗೆ ಹರಡಿತು. ನಕ್ಕವರಲ್ಲಿ ಅರ್ಧ ಮಂದಿ ಚಂದಾ ಕೊಟ್ಟವರೇ.

ನಗೆ ಇಳಿದ ಮೇಲೆ ಸಿಟ್ಟು ಬಂತು. ಅಮೀನರ ಠಾಣೆಗೆ ಒಯ್ಯಿರಿ ಎಂದರು, ಕತ್ತೆಯ ಮೇಲೆ ಕೂರಿಸಿ ಎಂದರು. ಸೂಗಪ್ಪನ ಟೋಪಿ ಎಲ್ಲಿ ಹೋಯಿತೋ. ಅವನು ತಿಮ್ಮವ್ವನ ಬಳಿ ಬಂದು, ಈ ಸಲ ನಾಟಕವಿಲ್ಲದೆ, ನೆಲ ನೋಡುತ್ತ ಹೇಳಿದ:

"ಕಚೇರಿಗೆ ಹೋಗಿದ್ದೆ ಯವ್ವಾ, ಖರೇನ. ಮೂರು ದಿನ ನಿಂತೆ, ಬಾಗಿಲಾಗಿಂದ ಒಳಗ ಬಿಡಲಿಲ್ಲ. ತಿರುಗಿ ಬರಾಕತ್ತಾಗ ಒಬ್ಬ ಗೌಡ ಕಾಗದ ನೋಡಿ, ನಾ ಕೇಳ್ದನ ಎರಡು ರೂಪಾಯಿ ಕೈಯಾಗ ಇಟ್ಟ. ಸೂಗಪ್ಪನವರೇ ಅಂತ ಕರದ ನನ್ನ! ಆಮ್ಯಾಲ ಕೈ ತಾನ ಮುಂದ ಹೋತು."

"ರೊಕ್ಕ ಎಲ್ಲಿ?"

ಅವನು ಗೋಡೆಯ ಕಡೆ ನೋಡಿದ. ಸೈಕಲ್ಲು ಬಿಸಿಲಿಗೆ ಮಿಂಚುತ್ತಿತ್ತು.

ಕೊಟ್ಟವರಿಗೆ ಹಿಂದಿರುಗಿಸೋಣವೆಂದರೆ ಯಾರಿಗೆ, ಎಷ್ಟು? ಸೈಕಲ್ಲನ್ನು ಹರಿದು ಹಂಚಲಾಗುವುದಿಲ್ಲ. ವಾದ ಏರುತ್ತಿದ್ದಾಗ ಪೀರ್‌ಬೀ ತನ್ನ ಬಳೆಯ ಮಲಾರ ಹೊತ್ತುಕೊಂಡು ಎದ್ದಳು. "ನಾ ನೀರಿಗೆ ಅಂತ ಕೊಟ್ಟೀನಿ. ನೀರಿಗೇ ಹೋಗ್ಲಿ. ಆ ಸೈಕಲ್ ಗಾಡಿ ಮಸ್ಕಿಗೆ ಕಳಸ್ರಿ. ಇವನ್ನ ಮನಿಗೆ ಕಳಸ್ರಿ. ಠಾಣೆ ಕಟ್ಟಿ ಹತ್ತಿದ್ರ ನಾಳೆ ನಾವೂ ಸಾಕ್ಷಿ ಹೇಳಾಕ ದಿನಾ ಹತ್ತಬೇಕು." ಕಡೆಯ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು.

ಹೀಗೆ ಸೈಕಲ್ಲು ಮೋಟಾರಿನ ನೆತ್ತಿಯೇರಿ ಮಸ್ಕಿಗೆ ಬಂತು.

ಬಂದ ಮೇಲೆ ಗೊತ್ತಾದದ್ದು, ಇಡೀ ಮಸ್ಕಿಯಲ್ಲಿ ಅದನ್ನು ತುಳಿಯಲು ಬರುವವರು ಒಬ್ಬರೂ ಇಲ್ಲ. ತಿಮ್ಮವ್ವ ಯೋಚನೆ ಮಾಡಿದ್ದಳು: ಸಂತೆಕಲ್ಲೂರಿನ ದಾರಿಯಲ್ಲಿ ಮೂರು ಮೈಲು ಒಂದು ಹನಿ ನೀರಿಲ್ಲ. ಅದು ಅವಳ ತವರಿನ ದಾರಿ. ಅದರ ಬಿಸಿಲನ್ನು ಅವಳ ಅಂಗಾಲು ಬಲ್ಲವು. ನಡುವೆ ಒಂದು ಬನ್ನಿ ಮರವಿದೆ. ಸೈಕಲ್ಲಿನ ಎರಡೂ ಬದಿಗೆ ತಗಡಿನ ಡಬ್ಬಿ ಕಟ್ಟಿ ನೀರು ಒಯ್ದರೆ ಅಲ್ಲಿ ಇನ್ನೊಂದು ಅರವಟ್ಟಿಗೆ. ಆದರೆ ಒಯ್ಯುವವರು ಯಾರು? ಬಾಬುಸಾಬ, "ದಂಡಿನ್ಯಾಗ ಇಂಥಾವು ಬೇಕಾದಷ್ಟು ನೋಡೀನಿ" ಎಂದು ಏರಿ, ಹತ್ತು ಮಾರು ಹೋಗಿ, ತನ್ನದೇ ಅಂಗಡಿಯ ತಟ್ಟಿಯೊಳಗೆ ನುಗ್ಗಿ ಎರಡು ಕೆಟಲಿ ಜಜ್ಜಿಹಾಕಿದ. ಬಸ್ಸಪ್ಪ ದೂರದಿಂದಲೇ ಕೈ ಮುಗಿದ. ಸೈಕಲ್ಲಿನ ಮೇಲೆ ಕೋಳಿಗಳು ಕೂರತೊಡಗಿದವು.

ಎಂಟನೆಯ ದಿನ ಬೆಳಿಗ್ಗೆ ಮುಕ್ಕುಂದದ ಕಡೆಯಿಂದ ಗಟ್ಟಿಮುಟ್ಟಾದ ಹೆಂಗಸೊಬ್ಬಳು, ತಲೆಯ ಮೇಲೆ ರೊಟ್ಟಿಯ ಗಂಟು, ಹಿಂದೆ ಸೂಗಪ್ಪ, ಇಬ್ಬರೂ ಮೋಟಾರಿಳಿದರು. ಅವನ ತಾಯಿ ಗದ್ದೆಮ್ಮ.

"ನೀನ ಏನು ತಿಮ್ಮವ್ವ?" ಎಂದಳು ಗದ್ದೆಮ್ಮ. "ಊರಾಗ ಇವನ್ನ ಪರಾಡ ಅಂತ ಕರಿಯಾಕತ್ತಾರ. ನನ್ನ 'ಪರಾಡನ ಅವ್ವ' ಅಂತಾರ. ನನಗ ಬಾವಿಗೆ ಹೋಗಾಕ ಮುಖ ಇಲ್ದಂಗ ಆಗೈತಿ. ಮಳಿ ಬರೂತನಕ ಇವನ್ನ ದುಡಿಸ್ಕೋ. ಕೂಲಿ ಕೊಟ್ಟೀದಿ ನೋಡು ಮತ್ತ! ರೊಟ್ಟಿ ನಾ ಕಳಸ್ತೀನಿ."

ತಿಮ್ಮವ್ವ ಸೂಗಪ್ಪನನ್ನು ನೋಡಿದಳು. ಅವನು ಸೈಕಲ್ಲಿನ ಮೇಲಿನ ಕೋಳಿಯನ್ನು ನೋಡುತ್ತಿದ್ದ. "ಹಿಕ್ಕಿ ಹಾಕೈತಿ ಯವ್ವಾ, ಬಣ್ಣ ಹೋಗ್ತೈತಿ," ಎಂದ, ನಿಜವಾದ ಸಂಕಟದಿಂದ.

"ಒರಸು ಮತ್ತ," ಎಂದಳು.

ಅಂದಿನಿಂದ ಬನ್ನಿ ಮರದಡಿ ಎರಡನೆಯ ಅರವಟ್ಟಿಗೆ. ಸೂಗಪ್ಪ ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಒಂದು ಸಲ ಡಬ್ಬಿ ತುಂಬಿಕೊಂಡು ಹೋಗುತ್ತಿದ್ದ. ಬಸ್ಸಪ್ಪ ಅವನನ್ನು ಮನೆಯ ಪಡಸಾಲೆಯಲ್ಲಿ ಮಲಗಿಸಿಕೊಂಡ. ಆದರೂ ತಿಮ್ಮವ್ವನ ಮನಸ್ಸಿನ ಮೂಲೆಯಲ್ಲಿ ಒಂದು ಇರುವೆ ಓಡಾಡುತ್ತಲೇ ಇತ್ತು. ಅಲ್ಲಿ ಅವನೊಬ್ಬನೇ ಇರುತ್ತಾನೆ, ಮಾತು ಬಲ್ಲವನು, ಕೇಳುವವರಿಲ್ಲ. ಒಂದು ದಿನ ಬೇವಿನ ಮರದಡಿಯ ಕೆಲಸ ಗಂಡನಿಗೆ ಒಪ್ಪಿಸಿ, ತಲೆಗೆ ಸೆರಗು ಹೊದ್ದು, ದಾರಿ ಬಿಟ್ಟು ಹೊಲದ ಬದುವಿನ ಮೇಲೆ ನಡೆದುಹೋದಳು. ಬನ್ನಿ ಮರದ ಸಮೀಪ ಜಾಲಿಯ ಪೊದೆಯ ಹಿಂದೆ ನಿಂತಳು.

ಒಬ್ಬ ಅರಳೆ ಸಾಹುಕಾರ ಕಮಾನು ಗಾಡಿಯಿಂದ ಇಳಿದು ನೀರು ಕುಡಿಯುತ್ತಿದ್ದ. ಸೂಗಪ್ಪ ನೀರು ಸುರಿಯುತ್ತ ಗದಗಿನ ಹತ್ತಿಯ ಧಾರಣೆಯಿಂದ ಹಿಡಿದು ಹೈದರಾಬಾದಿನ ಮದುವೆಗಳವರೆಗೆ ಏನೇನೋ ಹೇಳಿ ಅವನನ್ನು ನಗಿಸುತ್ತಿದ್ದ. ಸಾಹುಕಾರ ಮುಖ ಒರೆಸಿಕೊಂಡು ಬೆಳ್ಳಿಯ ರೂಪಾಯಿಯೊಂದನ್ನು ಮುಂದೆ ಚಾಚಿದ. ಸೂಗಪ್ಪನ ಬಲಗೈ ಮುಂದೆ ಹೋದದ್ದನ್ನು ತಿಮ್ಮವ್ವ ಕಣ್ಣಾರೆ ಕಂಡಳು. ಕೈ ಅರ್ಧಕ್ಕೆ ಹೋಗಿ, ತಿರುಗಿ ಬಂದು, ಕಿವಿ ತುರಿಸಿತು.

"ಬ್ಯಾಡ್ರಿ ಸಾವ್ಕಾರ್ರ," ಎಂದ. "ತಗೋಬೇಕಂತ ಭಾಳ ಅನಸ್ತೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಈಗ ನಾಕು ದಿನ ಆತು, ಕಣ್ ತುಂಬ ನಿದ್ದಿ ಬರಾಕತ್ತೈತಿ. ಅದನ್ನ ಕೆಡಸಬ್ಯಾಡ್ರಿ. ನ್ಯಾಶಿಪುಡಿ ಇದ್ರ ಒಂದು ಚಿಟಿಕಿ ಕೊಡ್ರಿ."

ಸಾಹುಕಾರ ನಕ್ಕು ಡಬ್ಬಿ ತೆರೆದ. ನಶ್ಯ ಡೊನೇಶನ್ ಆಗುತ್ತದೆಯೋ ಇಲ್ಲವೋ ಎಂದು ತಿಮ್ಮವ್ವ ಪೊದೆಯ ಹಿಂದೆ ಒಂದು ಕ್ಷಣ ವಿಚಾರ ಮಾಡಿದಳು. ಬಾಬುಸಾಬ ಇದ್ದಿದ್ದರೆ ಏನಾದರೊಂದು ಹೇಳುತ್ತಿದ್ದ. ಅಷ್ಟರಲ್ಲಿ ಸೂಗಪ್ಪ ಸೀನಿದ ಸೀನಿಗೆ ಗಾಡಿಯ ಎತ್ತುಗಳು ಬೆದರಿದವು, ಅವಳಿಗೂ ನಗೆ ತಡೆಯಲಾಗಲಿಲ್ಲ. ಗಾಡಿ ಹೋದ ಮೇಲೆ ಹೊರಗೆ ಬಂದಳು.

"ಯವ್ವಾ! ಯಾವಾಗ ಬಂದಿ?"

"ಈಗ. ತವರಿಗೆ ಹೊಂಟಿದ್ದೆ," ಎಂದಳು. ಅವಳು ಬಂದ ದಿಕ್ಕು ನೋಡಿದರೆ ಎಂಥವನಿಗೂ ಅದು ಸುಳ್ಳೆಂದು ತಿಳಿಯುತ್ತಿತ್ತು. ಸೂಗಪ್ಪ ತಂಬಿಗೆ ಎತ್ತಿದ. ಅವಳು ಬೊಗಸೆಯೊಡ್ಡಿ ಕುಡಿದಳು. ಬರೀ ಕೊಡುತ್ತ ಬಂದ ಅವಳಿಗೆ, ಇನ್ನೊಬ್ಬರು ಸುರಿದ ನೀರು ನಡುದಾರಿಯಲ್ಲಿ ಹೀಗಿರುತ್ತದೆಂದು ಗೊತ್ತೇ ಇರಲಿಲ್ಲ.

"ಬಿಸಿ ಐತಿ," ಎಂದಳು ಬಾಯಿ ಒರೆಸಿಕೊಂಡು. "ಡಬ್ಬಿಗೆ ಹಸಿ ಗೋಣಿ ಸುತ್ತು. ನಾಳೆ ಒಂದು ಹರವಿ ಕಳಸ್ತೀನಿ."

"ಡಬ್ಬಿ ಖಾಲಿ ಆಗ್ಯಾವು ಯವ್ವಾ, ತುಂಬ್ಕೊಂಡು ಬರಬೇಕು. ನೀ ಹಿಂದ ಕುಂದರ್ತೀಯೇನು? ಈ ಬಿಸಿಲಾಗ ಮತ್ತ ಅಷ್ಟು ದೂರ ನಡಕೋಂತ..."

"ಹುಚ್ಚ ಹಿಡದೈತೇನು ನಿನಗ!" ಎಂದಳು. ಆಮೇಲೆ ದಾರಿಯ ಆ ಕಡೆ ಈ ಕಡೆ ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು.

ಊರ ಅಂಚಿನವರೆಗೆ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಖಾಲಿ ಡಬ್ಬಿಗಳು ಎರಡೂ ಬದಿಗೆ ಡಬಡಬ ಬಡಿದುಕೊಳ್ಳುತ್ತಿದ್ದವು. ಆ ಸಪ್ಪಳಕ್ಕೆ ಹೊಲದಲ್ಲಿದ್ದವರು ತಲೆಯೆತ್ತಿದರು, ನಾಯಿಗಳು ಬೆನ್ನಟ್ಟಿದವು, ಯಾರೋ ಶಿಳ್ಳೆ ಹಾಕಿದರು. ಕಣ್ಣು ತೆರೆದಾಗ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಇಳಿಜಾರಿನಲ್ಲಿ ಸೂಗಪ್ಪ ಕಾಲು ಎತ್ತಿಬಿಟ್ಟಿದ್ದ. "ಮೆಲ್ಲಕ ಲೇ! ಮೆಲ್ಲಕ!" ಎಂದು ಕೂಗುತ್ತಿದ್ದಳು, ಕೂಗಿನ ನಡುವೆ ನಗುತ್ತಿದ್ದಳು.

ಬೇವಿನ ಮರದಡಿ ಬಸ್ಸಪ್ಪ ತಂಬಿಗೆ ಹಿಡಿದು ಕಲ್ಲಾಗಿ ನಿಂತಿದ್ದ. ನೀರು ಬೊಗಸೆ ಬಿಟ್ಟು ನೆಲಕ್ಕೆ ಸುರಿಯುತ್ತಿತ್ತು. ಬೊಗಸೆಯೊಡ್ಡಿದ ದಾರಿಹೋಕನೂ ಕುಡಿಯುವುದು ಮರೆತು ಇತ್ತಲೇ ನೋಡುತ್ತಿದ್ದ.

ತಿಮ್ಮವ್ವ ಇಳಿದಳು. ಸೀರೆ ಕೊಡವಿ, ಕೂದಲು ಸರಿಮಾಡಿಕೊಂಡು, ಗಂಡನ ಮುಖ ನೋಡದೆ ಸೂಗಪ್ಪನಿಗೆ ಹೇಳಿದಳು: "ನಾಳೆ ನಮ್ಮ ಮನಿಯವರನ್ನ ಕುಂದರಿಸ್ಕೊಂಡು ಹೋಗು. ಈಗ ಡಬ್ಬಿ ಬಿಚ್ಚು, ನಾ ಬಾವಿಗೆ ಹಗ್ಗ ಇಳಸ್ತೀನಿ. ಬಿಸಿಲು ಇನ್ನೂ ಭಾಳ ಐತಿ."